ಟ್ಯಾಂಕರ್ ಒಳಗೆ ಇಣುಕಿದವರು ಯಾರು? ಸೈನಿಕರ ನೀರಿನ ಗಾಡಿಯಿಂದ ಪೀಣ್ಯದ ಸಂಪ್‌ವರೆಗೆ

ಇಯರ್‌ಫೋನ್ ಹಾಕ್ಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತಿರೋರಿಗೆ, ಪೀಣ್ಯ ಮೆಟ್ರೋದಲ್ಲಿ ನಿಂತಿರೋರಿಗೆ, ಎಲ್ಲರಿಗೂ ಇವತ್ತು ಮೊದಲು ಒಂದು ಸಣ್ಣ ಕ್ವಿಜ್.

ನಿಮ್ಮ ಬಿಲ್ಡಿಂಗ್‌ಗೆ ಬರೋ ಟ್ಯಾಂಕರ್ ನೀರಿಗೆ ಎಷ್ಟು ದುಡ್ಡು? ಇದಕ್ಕೆ ತಕ್ಷಣ ಉತ್ತರ ಹೇಳ್ತೀರ. ಎಷ್ಟು ಲೀಟರ್? ಅದೂ ಗೊತ್ತು. ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬರತ್ತೆ? ಅದನ್ನಂತೂ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ನಲ್ಲಿ ದಿನಾ ಓದ್ತೀರ. ಈಗ ನಾಲ್ಕನೇ ಪ್ರಶ್ನೆ: ಆ ಟ್ಯಾಂಕನ್ನು ಒಳಗಿನಿಂದ ಕೊನೆಯ ಸಲ ತೊಳೆದದ್ದು ಯಾವಾಗ?

ಈ ಎಪಿಸೋಡ್‌ಗೆ ತಯಾರಿ ಮಾಡುವಾಗ ನಾನು ಇದನ್ನು ಸುಮಾರು ಜನರನ್ನ ಕೇಳಿದೆ. ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಆದರೆ ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದ ಒಂದು ಸಂಸ್ಥೆ ಇತ್ತು. ಅದು ಸೈನ್ಯ. ಸೈನಿಕರಿಗೆ ನೀರು ಹೊತ್ತು ತರುವ ಗಾಡಿ ಸ್ವಚ್ಛವಾಗಿರಬೇಕು ಅನ್ನೋ ಪಾಠವನ್ನು ಸೈನ್ಯ ಸುಲಭಕ್ಕೆ ಕಲಿಯಲಿಲ್ಲ, ಸಾವಿರಾರು ಹೆಣ ಹೊತ್ತ ಮೇಲೆ ಕಲಿತಿದ್ದು. ಆ ಕಥೆಯ ಕೆಲವು ಮುಖ್ಯ ಪುಟಗಳು ನಮ್ಮ ಬೆಂಗಳೂರಿನಲ್ಲೇ ಇವೆ. ಇವತ್ತು ಆ ಕಥೆ.

ದಂಡಿನ ಊರು, ಚರ್ಮದ ಚೀಲ

ನಮ್ಮ ಅಜ್ಜ ಅಜ್ಜಿಯರ ಕಾಲದವರು ಕಂಟೋನ್ಮೆಂಟನ್ನು 'ದಂಡು' ಅಂತ ಕರೀತಿದ್ರು. ದಂಡು ಅಂದ್ರೆ ಸೈನ್ಯ. ಈ ದಂಡು ಬೆಂಗಳೂರಿಗೆ ಬಂದದ್ದಕ್ಕೂ ಆರೋಗ್ಯಕ್ಕೂ ನೇರ ಸಂಬಂಧ ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಅಲ್ಲಿ ಜ್ವರದಿಂದ ಸೈನಿಕರು ಸಾಯೋಕೆ ಶುರುವಾದ್ರು. 1809ರಲ್ಲಿ ಹವೆ ತಂಪಾಗಿರೋ, ಎತ್ತರದಲ್ಲಿರೋ ಬೆಂಗಳೂರಿಗೆ, ಹಲಸೂರಿನ ಪಕ್ಕಕ್ಕೆ ದಂಡು ಬಂತು. ಅಂದ್ರೆ ನಗರದ ಅರ್ಧ ಭಾಗ ಹುಟ್ಟಿದ್ದೇ ಸೈನಿಕರನ್ನು ಕಾಯಿಲೆಯಿಂದ ಉಳಿಸೋದಕ್ಕೆ.

ಹವೆ ಚೆನ್ನಾಗಿತ್ತು. ನೀರು? ಬೆಂಗಳೂರಿನಲ್ಲಿ ದೊಡ್ಡ ನದಿ ಇಲ್ಲ. ಹಲಸೂರು ಕೆರೆ, ಸಂಪಂಗಿ ಕೆರೆ, ಧರ್ಮಾಂಬುಧಿ ಕೆರೆ, ಆಮೇಲೆ ಬಾವಿಗಳು. ಅಲ್ಲಿಂದ ಬ್ಯಾರಕ್‌ಗೆ ನೀರು ತರೋಕೆ ಪೈಪ್ ಇರಲಿಲ್ಲ, ಮನುಷ್ಯರೇ ಹೊರಬೇಕು. ಬೆನ್ನ ಮೇಲೆ ಆಡಿನ ಚರ್ಮದ ಚೀಲ ಹೊತ್ತವನು ಬಿಸ್ತಿ. ಎತ್ತಿನ ಮೇಲೆ ದೊಡ್ಡ ಚರ್ಮದ ಪಖಾಲಿ ಹೇರಿಕೊಂಡು ಬರುವವನನ್ನು ಮದ್ರಾಸ್ ಸೈನ್ಯದಲ್ಲಿ ಪಖಾಲಿ ಅಂತಲೇ ಕರೀತಿದ್ರು. ಪ್ರತಿ ರೆಜಿಮೆಂಟ್ ಜೊತೆ ಇವರು ಇರಲೇಬೇಕಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಎರಡು ಕೊಂಬಿನ, ನಾಲ್ಕು ಕಾಲಿನ ವಾಟರ್ ಟ್ಯಾಂಕರ್.

ಸಮಸ್ಯೆ ಏನು ಗೊತ್ತಾ? ಬಿಸ್ತಿಯ ಶ್ರಮದಲ್ಲಿ ದೋಷ ಇರಲಿಲ್ಲ, ದೋಷ ಇದ್ದದ್ದು ಚರ್ಮದಲ್ಲಿ. ಚರ್ಮದ ಚೀಲದ ಒಳಭಾಗ ಯಾರ ಕಣ್ಣಿಗೂ ಕಾಣಲ್ಲ, ಕೈ ಹಾಕಿ ಉಜ್ಜೋಕೂ ಆಗಲ್ಲ. ಸದಾ ಒದ್ದೆ. ಬೆಳಿಗ್ಗೆ ಒಳ್ಳೆ ಬಾವಿಯಿಂದ ತುಂಬಿಸಿದರೂ ನಿನ್ನೆ ಕೆರೆಯಿಂದ ತಂದ ನೀರಿನ ಕೊಳೆ ಹೊಲಿಗೆಯ ಸಂದಿಯಲ್ಲಿ ಕೂತಿರತ್ತೆ. ಬಾವಿಯ ನೀರು ಎಷ್ಟೇ ಶುದ್ಧವಾಗಿರಲಿ, ಸೈನಿಕ ಕುಡಿಯೋದು ಆ ಚೀಲ ದಾಟಿ ಬಂದ ನೀರನ್ನ.

ಈ ಎಪಿಸೋಡ್‌ನ ಮುಖ್ಯ ಮಾತು ಇದೇ. ನೀರು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳ್ತಾರೆ. ಯಾವುದರಲ್ಲಿ ಬಂತು, ಆ ಪಾತ್ರೆಗೆ ಯಾರು ಹೊಣೆ ಅಂತ ಕೇಳೋರು ಕಡಿಮೆ.

ಸಾವಿರಕ್ಕೆ 69

ನಾನು ಓದಿದ್ದು ಬಿ.ಕಾಂ. ಇತಿಹಾಸದಲ್ಲಿ ರಾಜರ ಹೆಸರಿಗಿಂತ ಮೊದಲು ನನ್ನ ಕಣ್ಣು ಹೋಗೋದು ಲೆಕ್ಕದ ಕಡೆಗೆ. ಈ ಕಥೆಯಲ್ಲಿ ಒಂದು ಲೆಕ್ಕ ಎಲ್ಲವನ್ನೂ ಬದಲಾಯಿಸ್ತು.

1857ರ ದಂಗೆಯ ಮೇಲೆ ಭಾರತದಲ್ಲಿರೋ ಬ್ರಿಟಿಷ್ ಸೈನಿಕರ ಆರೋಗ್ಯ ಪರಿಶೀಲಿಸೋಕೆ ಲಂಡನ್‌ನಲ್ಲಿ ಒಂದು ರಾಯಲ್ ಕಮಿಷನ್ ಕೂತಿತು. ಅದರ ವರದಿ ಬಂದದ್ದು 1863ರಲ್ಲಿ. ವರ್ಷಕ್ಕೆ ಪ್ರತಿ 1,000 ಬ್ರಿಟಿಷ್ ಸೈನಿಕರಲ್ಲಿ 69 ಜನ ಸಾಯ್ತಿದ್ದಾರೆ ಅಂತ ಆ ವರದಿ ಹೇಳಿತು. ಬಹುಪಾಲು ಸಾವಿಗೆ ಕಾರಣ ಗುಂಡಲ್ಲ. ಜ್ವರ, ಭೇದಿ, ಕಾಲರಾ. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನಿಮಗೆ ಗೊತ್ತು, ದೀಪ ಹಿಡಿದ ನರ್ಸ್ ಅಂತ ಪಠ್ಯಪುಸ್ತಕದಲ್ಲಿ ಓದಿರ್ತೀರ. ಆದರೆ ಅವರು ಅಂಕಿಅಂಶಗಳ ತಜ್ಞೆಯೂ ಹೌದು. ಭಾರತಕ್ಕೆ ಒಂದು ಸಲವೂ ಬರದೆ, ಇಲ್ಲಿನ ಸೇನಾ ನೆಲೆಗಳಿಂದ ಬಂದ ವರದಿಗಳನ್ನೆಲ್ಲ ಓದಿ, ನೀರು ಮತ್ತು ಚರಂಡಿಯ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಸರ್ಕಾರ ಎಚ್ಚೆತ್ತುಕೊಂಡದ್ದು ಕರುಣೆ ಒಂದರಿಂದಲೇ ಅಲ್ಲ. ಒಬ್ಬ ಸೈನಿಕನನ್ನು ಇಂಗ್ಲೆಂಡ್‌ನಿಂದ ಹಡಗಿನಲ್ಲಿ ಕರೆತಂದು, ತರಬೇತಿ ಕೊಟ್ಟು, ಅವನು ಇಲ್ಲಿ ಭೇದಿಯಿಂದ ಸತ್ತರೆ ಆ ಖರ್ಚೆಲ್ಲ ಸೈನ್ಯದ ಪುಸ್ತಕದಲ್ಲೇ ಬೀಳತ್ತೆ. ನೀರು ತರೋ ಖರ್ಚು, ಕಾಯಿಲೆಯ ಖರ್ಚು, ಎರಡೂ ಒಂದೇ ಲೆಡ್ಜರ್‌ನಲ್ಲಿ. ಅದಕ್ಕೇ ಪಾತ್ರೆ ತೊಳೆಯೋದು ಲಾಭ ಅನ್ನೋದು ಅವರಿಗೆ ಅರ್ಥವಾಯ್ತು. ಆ ಲೆಡ್ಜರ್‌ನಲ್ಲಿ ಪೇಟೆಯ ಜನ ಇರಲಿಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಿ. ಇದಕ್ಕೆ ಆಮೇಲೆ ವಾಪಸ್ ಬರ್ತೀನಿ.

ರಾಸ್ ಬಗ್ಗಿಸಿದ ತೊಟ್ಟಿ

ಈಗ 1883ಕ್ಕೆ ಬರೋಣ. ರೊನಾಲ್ಡ್ ರಾಸ್ ಅನ್ನೋ ಯುವ ಸೇನಾ ವೈದ್ಯ ಬೆಂಗಳೂರಿಗೆ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ಬರ್ತಾರೆ. ವಯಸ್ಸು 26. ಅಂದ್ರೆ ಇದನ್ನ ಕೇಳ್ತಿರೋ ತುಂಬಾ ಜನರ ವಯಸ್ಸೇ. ಬಂಗಲೆ ಚೆನ್ನಾಗಿದೆ, ಸೊಳ್ಳೆ ಕಾಟ ಮಾತ್ರ ವಿಪರೀತ. ಹುಡುಕಿದ್ರೆ ಕಿಟಕಿಯ ಹೊರಗಡೆ ಇದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಓಡಾಡ್ತಿವೆ. ರಾಸ್ ಆ ತೊಟ್ಟಿ ಬಗ್ಗಿಸಿ ನೀರು ಚೆಲ್ಲಿದರು, ಸೊಳ್ಳೆ ಕಡಿಮೆಯಾಯ್ತು. ಮೆಸ್‌ನ ಸುತ್ತ ಇರೋ ಪಾತ್ರೆಗಳನ್ನೂ ಹೀಗೇ ಮಾಡೋಣ ಅಂತ ಅಲ್ಲಿನ ಅಧಿಕಾರಿಗೆ ಹೇಳಿದರೆ ಅವರು ಒಪ್ಪಲಿಲ್ಲ.

ಮುಂದೆ 1897ರಲ್ಲಿ ಸಿಕಂದರಾಬಾದ್‌ನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡವರು, 1902ರಲ್ಲಿ ನೊಬೆಲ್ ಪಡೆದವರು ಇದೇ ರಾಸ್. ಅದರ ಮಧ್ಯೆ ಇನ್ನೊಂದು ಅಧ್ಯಾಯ ಇದೆ, ಅದನ್ನ ಅಷ್ಟಾಗಿ ಯಾರೂ ಹೇಳಲ್ಲ. 1895ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಾಗ ಅದನ್ನು ತಡೆಯೋಕೆ ಅವರನ್ನು ವಿಶೇಷ ಕೆಲಸದ ಮೇಲೆ ಮತ್ತೆ ಇಲ್ಲಿಗೆ ಕಳಿಸಿದರು. ಮಲೇರಿಯಾ ಸಂಶೋಧನೆ ಅರ್ಧಕ್ಕೆ ಬಿಟ್ಟು ಬಂದು ಅವರು ಬೆಂಗಳೂರಿನ ನೀರು, ಕೊಳಕಿನ ಹಿಂದೆ ಓಡಾಡಬೇಕಾಯ್ತು.

ಅದೇ ಹೊತ್ತಿಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟ ಯೋಜನೆ ನಡೀತಿತ್ತು. ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ನಿಲ್ಲಿಸಿ, ಉಗಿ ಯಂತ್ರದಿಂದ ಎತ್ತಿ, ಪೈಪ್ ಮೂಲಕ ನಗರಕ್ಕೂ ದಂಡಿಗೂ ತರೋದು. 1896ರಲ್ಲಿ ನೀರು ಹರೀತು. ಬೆಂಗಳೂರಿಗೆ ಪೈಪ್ ನೀರು ಬಂದದ್ದು ಹೀಗೆ. ಪೈಪ್ ಬಂದ ಕಡೆ ಪಖಾಲಿಯ ಕೆಲಸ ನಿಧಾನಕ್ಕೆ ಮುಗೀತು.

ಆದರೆ ಸೈನ್ಯದ ಕಷ್ಟ ಬೇರೆ. ಬ್ಯಾರಕ್‌ಗೆ ಪೈಪ್ ಹಾಕಬಹುದು, ಯುದ್ಧಕ್ಕೆ ಹೊರಟವನ ಹಿಂದೆ ಪೈಪ್ ಎಳ್ಕೊಂಡು ಹೋಗೋಕಾಗಲ್ಲ. ಅಲ್ಲಿ ನೀರು ಗಾಡಿಯಲ್ಲೇ ಹೋಗಬೇಕು.

ಗುಂಡಿಗಿಂತ ಹೆಚ್ಚು ಕೊಂದ ನೀರು

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ. ಆ ಯುದ್ಧದಲ್ಲಿ ಬ್ರಿಟಿಷ್ ಪಡೆಯಲ್ಲಿ ಶತ್ರುವಿನ ಕೈಯಲ್ಲಿ ಸತ್ತವರಿಗಿಂತ ಕಾಯಿಲೆಯಿಂದ ಸತ್ತವರೇ ಜಾಸ್ತಿ. ಟೈಫಾಯ್ಡ್ ಒಂದರಿಂದಲೇ ಸುಮಾರು 8,000 ಜನ. ಬ್ಲೂಮ್‌ಫಾಂಟೇನ್ ಊರಲ್ಲಿ ಬೀಡುಬಿಟ್ಟ ಪಡೆಯಲ್ಲಿ ಟೈಫಾಯ್ಡ್ ಬೆಂಕಿಯಂತೆ ಹಬ್ಬಿತು.

ಆಗ ಸೈನ್ಯದಲ್ಲಿ ಫಿಲ್ಟರ್ ಇರಲಿಲ್ವಾ? ಇತ್ತು. ನೀರು ಕುದಿಸಿ ಅಂತ ಆದೇಶವೂ ಇತ್ತು. ಆದರೆ ಹಗಲೆಲ್ಲ ನಡೆದು ಬಾಯಿ ಒಣಗಿದವನು ನೀರು ಕುದ್ದು ಆರೋವರೆಗೆ ಕಾಯ್ತಾನಾ? ಸೌದೆ ಎಲ್ಲಿಂದ ತರ್ತಾನೆ? ಫಿಲ್ಟರ್ ಕಟ್ಟಿಕೊಂಡರೆ ಎಸೆದು ಮುಂದೆ ಹೋಗ್ತಾನೆ. ಆದೇಶ ಕಾಗದದ ಮೇಲೆ ಚೆನ್ನಾಗಿತ್ತು, ಮೈದಾನದಲ್ಲಿ ನಡೆಯಲಿಲ್ಲ. ಬೇಕಾಗಿದ್ದು ಗಾಡಿ ಓಡ್ತಿರುವಾಗಲೇ ಕೆಲಸ ಮಾಡೋ ವಿಧಾನ.

ಅದರ ಒಂದು ತುದಿ ಭಾರತದಲ್ಲಿತ್ತು. ಇಂಡಿಯನ್ ಮೆಡಿಕಲ್ ಸರ್ವೀಸ್‌ನ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್ 1903ರಲ್ಲಿ ಒಂದು ಲೇಖನ ಬರೆದರು. ಕ್ಲೋರಿನ್ ಅನಿಲವನ್ನು ಒತ್ತಿ ದ್ರವ ಮಾಡಿ ಇಟ್ಟುಕೊಂಡು, ಬೇಕಾದಾಗ ನೀರಿಗೆ ಸೇರಿಸಿದರೆ ಕ್ರಿಮಿ ಸಾಯ್ತವೆ, ಆಮೇಲೆ ಅದರ ವಾಸನೆಯನ್ನೂ ತೆಗೆಯಬಹುದು ಅಂತ. 1910ರಲ್ಲಿ ಅಮೆರಿಕ ಸೈನ್ಯದ ಕಾರ್ಲ್ ಡಾರ್ನಾಲ್ ದ್ರವ ಕ್ಲೋರಿನ್‌ನಿಂದ ನೀರು ಶುದ್ಧ ಮಾಡೋ ಯಂತ್ರ ತೋರಿಸಿದರು. ಇವತ್ತು ಕಾವೇರಿ ನಲ್ಲಿ ತಿರುಗಿಸಿದಾಗ ಕೆಲವೊಮ್ಮೆ ಬರೋ ಆ ಬ್ಲೀಚಿಂಗ್ ವಾಸನೆ ಇದೆಯಲ್ಲ, ಅದರ ಹಿಂದೆ ಸೇನಾ ವೈದ್ಯರ ಕೈ ಇದೆ.

ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು

ಈಗ ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದ ವಸ್ತು. ನಿಮ್ಮಲ್ಲಿ ಯಾರಾದ್ರೂ ಎಂಬಿಬಿಎಸ್ ಓದ್ತಿದ್ರೆ ಅಥವಾ ಓದಿದ ಫ್ರೆಂಡ್ ಇದ್ರೆ 'ಹೊರಾಕ್ಸ್' ಅಂತ ಹೇಳಿ ನೋಡಿ, ಪ್ರಾಕ್ಟಿಕಲ್ ಪರೀಕ್ಷೆ ನೆನಪಾಗತ್ತೆ. ವಿಲಿಯಂ ಹೊರಾಕ್ಸ್ ಬ್ರಿಟಿಷ್ ಸೇನಾ ವೈದ್ಯ. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಸೈನ್ಯಕ್ಕೆ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯೋ ಚಮಚ, ಕಲಕೋ ಕಡ್ಡಿ, ಹನಿ ಹಾಕೋ ನಳಿಕೆ, ಒಂದು ಸಣ್ಣ ಬಾಟಲಿ ಪಿಷ್ಟ ಮತ್ತು ಅಯೊಡೈಡ್ ದ್ರಾವಣ. ಅಷ್ಟೇ.

ಕೆಲಸ ಹೀಗೆ. ಕಪ್ಪು ಬಟ್ಟಲಲ್ಲಿ ಒಂದು ಚಮಚ ಬ್ಲೀಚಿಂಗ್ ಪೌಡರ್ ಹಾಕಿ ನೀರಲ್ಲಿ ಕಲಸೋದು. ಆರು ಬಿಳಿ ಬಟ್ಟಲಿಗೆ ಪರೀಕ್ಷೆ ಮಾಡಬೇಕಾದ ನೀರು ತುಂಬೋದು. ಮೊದಲನೇದಕ್ಕೆ ಕಪ್ಪು ಬಟ್ಟಲಿನಿಂದ ಒಂದು ಹನಿ, ಎರಡನೇದಕ್ಕೆ ಎರಡು, ಹೀಗೆ ಆರನೇದಕ್ಕೆ ಆರು. ಕಲಕಿ ಅರ್ಧ ಗಂಟೆ ಬಿಡೋದು. ಆಮೇಲೆ ಪ್ರತಿಯೊಂದಕ್ಕೂ ಮೂರು ಹನಿ ಪಿಷ್ಟದ ದ್ರಾವಣ. ಕ್ಲೋರಿನ್ ಉಳಿದಿದ್ದರೆ ನೀರು ನೀಲಿಯಾಗತ್ತೆ. ಸ್ಪಷ್ಟವಾಗಿ ನೀಲಿಯಾದ ಮೊದಲ ಬಟ್ಟಲು ಮೂರನೇದಾದರೆ, 455 ಲೀಟರ್ ನೀರಿಗೆ ಮೂರು ಚಮಚ, ಅಂದ್ರೆ 6 ಗ್ರಾಂ ಪೌಡರ್ ಬೇಕು. ಐದನೇದಾದರೆ ಐದು ಚಮಚ.

455 ಲೀಟರ್ ಯಾಕೆ? ಅದು ಬ್ರಿಟಿಷ್ ಅಳತೆಯಲ್ಲಿ 100 ಗ್ಯಾಲನ್. ಆ ಕಾಲದ ಸೈನ್ಯದ ಕುದುರೆ ಎಳೆಯೋ ನೀರಿನ ಗಾಡಿ ಹಿಡೀತಿದ್ದದ್ದು ಸುಮಾರು ಅಷ್ಟೇ. ಬಟ್ಟಲಿನ ನಂಬರೇ ಗಾಡಿಗೆ ಹಾಕೋ ಚಮಚದ ನಂಬರ್. ಗುಣಾಕಾರ ಬೇಡ, ಪ್ರಯೋಗಾಲಯ ಬೇಡ, ಓದು ಬರಹ ಕಡಿಮೆ ಇದ್ದರೂ ನಡೆಯತ್ತೆ.

ಇದರ ಹಿಂದಿನ ಯೋಚನೆ ನೋಡಿ. ಕೊಳಕು ಹೆಚ್ಚಿದ್ದರೆ ಕ್ಲೋರಿನ್ ಆ ಕೊಳಕನ್ನ ಸುಡೋದರಲ್ಲೇ ಖರ್ಚಾಗತ್ತೆ. ಆ ಖರ್ಚೆಲ್ಲ ಕಳೆದು ಕೈಯಲ್ಲಿ ಏನಾದ್ರೂ ಉಳಿದಿದೆಯಾ ಅಂತ ನೀಲಿ ಬಣ್ಣ ಹೇಳತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಅದು ಕ್ಲೋಸಿಂಗ್ ಬ್ಯಾಲೆನ್ಸ್. ಈ ಉಳಿಕೆಯೇ ದಾರಿಯುದ್ದಕ್ಕೂ ನೀರನ್ನ ಕಾಯೋದು. ಬಾಣಲೆಯಲ್ಲಿ ಕುದಿಸಿದ ನೀರಿಗೆ ಆ ಕಾವಲು ಇಲ್ಲ, ಕೊಳಕು ಲೋಟಕ್ಕೆ ಹಾಕಿದರೆ ಮತ್ತೆ ಕೆಡತ್ತೆ. ಉಳಿಕೆ ಕ್ಲೋರಿನ್ ಇರೋ ನೀರಿಗೆ ಕಾವಲುಗಾರ ಜೊತೆಗೇ ಬರ್ತಾನೆ. ಹಾಗಂತ ಒಳಗೆ ಪಾಚಿ, ಕೆಸರು ಅಂಟಿರೋ ಟ್ಯಾಂಕಿಗೆ ಹಾಕಿದರೆ ಆ ಕಾವಲುಗಾರ ಮನೆ ಮುಟ್ಟೋ ಮೊದಲೇ ಸೋತು ಹೋಗ್ತಾನೆ. ಟ್ಯಾಂಕ್ ತೊಳೆಯೋದಕ್ಕೂ ಕ್ಲೋರಿನ್ ಹಾಕೋದಕ್ಕೂ ಸಂಬಂಧ ಇರೋದು ಇಲ್ಲಿ. ಒಂದು ಇನ್ನೊಂದಕ್ಕೆ ಬದಲಿ ಅಲ್ಲ.

ಪೆಟ್ಟಿಗೆಯಷ್ಟೇ ಮುಖ್ಯವಾದ ಇನ್ನೊಂದು ವ್ಯವಸ್ಥೆ ಇತ್ತು. 1914ರ ಬ್ರಿಟಿಷ್ ಬೆಟಾಲಿಯನ್‌ಗೆ ಎರಡು ನೀರಿನ ಗಾಡಿ. ಅದರ ಜೊತೆ ವೈದ್ಯಕೀಯ ದಳದಿಂದ ಒಬ್ಬ ಕಾರ್ಪೊರಲ್, ಅವನ ಕೈಕೆಳಗೆ ನಾಲ್ಕು ಜನ. ಸುಮಾರು ಸಾವಿರ ಜನರ ನೀರಿಗೆ ಇವರು ಹೊಣೆ. ಗಾಡಿ ತೊಳೆಯೋದು, ನೀರು ಸೋಸೋದು, ಪೌಡರ್ ಹಾಕೋದು, ಪರೀಕ್ಷೆ ಮಾಡೋದು. ಬೆಟಾಲಿಯನ್‌ನಲ್ಲಿ ಭೇದಿ ಬಂದರೆ ಮೊದಲು ಯಾರನ್ನ ಕರೆದು ಕೇಳಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಮೈಸೂರು ಲ್ಯಾನ್ಸರ್ಸ್ ಮತ್ತು ಮರುಭೂಮಿಯ ನೀರು

ನಮ್ಮವರು ಈ ಕಥೆಯಲ್ಲಿ ಎಲ್ಲಿ ಬರ್ತಾರೆ? ಮೈಸೂರು ಸಂಸ್ಥಾನದ ಕುದುರೆ ಸವಾರರ ಪಡೆ, ಮೈಸೂರು ಲ್ಯಾನ್ಸರ್ಸ್, ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್‌ಗೆ ಹೋಯ್ತು. ಸೂಯೆಜ್ ಕಾಲುವೆ, ಸಿನಾಯ್ ಮರುಭೂಮಿ, ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಈಟಿ ಹಿಡಿದು ಹೈಫಾ ಊರನ್ನು ಗೆದ್ದದ್ದು ಇವರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಇವರ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು.

ಹೈಫಾದ ಧೂಳು, ಕುದುರೆ, ಈಟಿ ಎಲ್ಲರಿಗೂ ನೆನಪಿದೆ. ಆ ಸೈನ್ಯ ಮರುಭೂಮಿ ದಾಟಿದ್ದು ನೀರಿನ ವ್ಯವಸ್ಥೆಯ ಮೇಲೆ ಅನ್ನೋದು ಅಷ್ಟಾಗಿ ನೆನಪಿಲ್ಲ. ಬ್ರಿಟಿಷ್ ಎಂಜಿನಿಯರ್‌ಗಳು ನೈಲ್ ನದಿಯ ನೀರನ್ನು ಕಾಲುವೆಯಿಂದ ತೆಗೆದು, ಸೋಸಿ, ಕ್ಲೋರಿನ್ ಹಾಕಿ, ಸಿನಾಯ್ ಉದ್ದಕ್ಕೂ ಪೈಪ್ ಹಾಕಿದರು. ಪೈಪ್ ಮುಗಿದ ಕಡೆಯಿಂದ ಒಂಟೆ. ಒಂಟೆಯ ಎರಡೂ ಪಕ್ಕಕ್ಕೆ ಒಂದೊಂದು ತಗಡಿನ ಟ್ಯಾಂಕ್. ಪಖಾಲಿಯ ಹಳೇ ಐಡಿಯಾನೇ, ಚರ್ಮದ ಬದಲು ಲೋಹ. ಯಾಕಂದ್ರೆ ಲೋಹವನ್ನ ತೊಳೀಬಹುದು.

ಅದೇ ಯುದ್ಧದ ಇನ್ನೊಂದು ರಂಗ ಮೆಸಪಟೋಮಿಯಾ, ಈಗಿನ ಇರಾಕ್. ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಅಲ್ಲಿ ಹೋರಾಡಿದರು. ಅಲ್ಲಿ ಬಾಗ್ದಾದ್ ಗೆದ್ದ ದಂಡನಾಯಕ ಜನರಲ್ ಸ್ಟ್ಯಾನ್ಲಿ ಮಾಡ್ 1917ರ ನವೆಂಬರ್‌ನಲ್ಲಿ ಸತ್ತದ್ದು ಗುಂಡಿನಿಂದಲ್ಲ, ಕಾಲರಾದಿಂದ. ಒಂದು ನಾಟಕ ನೋಡೋಕೆ ಹೋದಾಗ ಕಾಫಿಗೆ ಹಾಕಿಕೊಂಡ ಹಸಿ ಹಾಲಿನಿಂದ ಬಂತು ಅಂತ ಆಗ ನಂಬಿದ್ದರು. ಇಡೀ ಸೈನ್ಯಕ್ಕೆ ಆಜ್ಞೆ ಕೊಡುವವನನ್ನೂ ಒಂದು ಕೆಟ್ಟ ಲೋಟ ಬಿಡಲಿಲ್ಲ.

ಬೌಸರ್ ಅನ್ನೋ ಹೆಸರು

ಎರಡನೇ ಮಹಾಯುದ್ಧದ ಹೊತ್ತಿಗೆ ಕುದುರೆ ಗಾಡಿ ಹೋಗಿ ಲಾರಿ ಬಂತು. ಸೈನ್ಯದವರು ಇವತ್ತಿಗೂ ನೀರಿನ ಟ್ಯಾಂಕರ್‌ಗೆ 'ವಾಟರ್ ಬೌಸರ್' ಅಂತಾರೆ. ಬೌಸರ್ ಅನ್ನೋದು ಒಬ್ಬ ಮನುಷ್ಯನ ಹೆಸರು. 1885ರಲ್ಲಿ ಅಮೆರಿಕದ ಸಿಲ್ವೇನಸ್ ಬೌಸರ್ ಸೀಮೆಎಣ್ಣೆ ಅಳೆದು ಕೊಡೋ ಪಂಪ್ ಮಾಡಿದ. ಆ ಹೆಸರು ಪೆಟ್ರೋಲ್ ಗಾಡಿಗೆ ಅಂಟಿಕೊಳ್ತು, ಆಮೇಲೆ ನೀರಿನ ಗಾಡಿಗೂ ಬಂತು.

ಹೆಸರು ಎಣ್ಣೆಯಿಂದ ನೀರಿಗೆ ಬಂದರೆ ತೊಂದರೆ ಇಲ್ಲ, ಟ್ಯಾಂಕ್ ಬರಬಾರದು. ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿಯ ಟ್ಯಾಂಕರ್‌ಗಳಿಗೆ ಕೊಟ್ಟಿರೋ ಸೂಚನೆಯಲ್ಲಿ ಮೊದಲ ಮಾತೇ ಇದು: ಮೊದಲು ಇಂಧನವೋ, ಕೊಳಚೆಯೋ ಹೊತ್ತ ಟ್ಯಾಂಕರ್ ಕುಡಿಯೋ ನೀರಿಗೆ ಬೇಡ. ಆಮೇಲಿನ ಹೆಜ್ಜೆಗಳು ನೂರು ವರ್ಷದ ಹಿಂದಿನ ಕಾರ್ಪೊರಲ್‌ಗೂ ಅರ್ಥವಾಗೋ ಥರ ಇವೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಒಳಗೋಡೆ, ತಳ, ಮೂಲೆ ಉಜ್ಜಿ. ಪೈಪು, ವಾಲ್ವು ಬಿಡಬೇಡಿ. ತೊಳೆದ ನೀರು ಹೊರಗೆ ಹಾಕಿ. ಕಾಲು ಭಾಗ ಶುದ್ಧ ನೀರು ತುಂಬಿ, ಟ್ಯಾಂಕಿನ ಪ್ರತಿ 1,000 ಲೀಟರ್‌ಗೆ 80 ಗ್ರಾಂ ಲೆಕ್ಕದಲ್ಲಿ ಹೆಚ್ಚು ಶಕ್ತಿಯ ಕ್ಲೋರಿನ್ ಹರಳು ಹಾಕಿ, ಪೂರ್ತಿ ತುಂಬಿಸಿ, ಮುಚ್ಚಿ 24 ಗಂಟೆ ಬಿಡಿ. ಈ ನೀರು ಕುಡಿಯೋಕಲ್ಲ, ಟ್ಯಾಂಕ್ ಶುದ್ಧ ಮಾಡೋಕೆ. ಮಾರನೇ ದಿನ ಇದನ್ನ ಸುರಕ್ಷಿತವಾಗಿ ಹೊರಹಾಕಿ, ಮತ್ತೆ ತೊಳೆದ ಮೇಲೆ ಕುಡಿಯೋ ನೀರು.

ಇಲ್ಲೊಂದು ಎಚ್ಚರಿಕೆ. ಟ್ಯಾಂಕ್ ಆಗಲಿ ಸಂಪ್ ಆಗಲಿ, ಒಳಗೆ ಒಬ್ಬನೇ ಇಳಿಯೋದು ಪ್ರಾಣಾಪಾಯ. ಗಾಳಿ ಆಡಲ್ಲ, ಕ್ಲೋರಿನ್ ಹೊಗೆ ತುಂಬಿಕೊಳ್ಳತ್ತೆ. ಮುಚ್ಚಳ ತೆಗೆದು ಗಾಳಿ ಆಡಿಸಬೇಕು, ಮೇಲೆ ಇನ್ನೊಬ್ಬರು ನಿಂತಿರಬೇಕು. ನಮ್ಮ ನೀರು ಶುದ್ಧವಾಗಲಿ ಅಂತ ಇನ್ನೊಬ್ಬರ ಜೀವ ಹೋಗಬಾರದು.

ಎರಡು ಬೇರೆ ಬೇರೆ ಲೆಡ್ಜರ್

ಈಗ ನಮ್ಮ ಕಡೆಗೆ ಬರೋಣ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಸಣ್ಣ ಹಳ್ಳಿಯಾಗಿ ಶುರುವಾಯ್ತು. ಪೀಣ್ಯ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ಬೆಳೀತು. ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ಶುರು ಮಾಡಿತು. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಆದರೆ ಹೊರವಲಯ ಬೆಳೆದ ವೇಗಕ್ಕೆ ಪೈಪ್ ಓಡಲಿಲ್ಲ. 2007ರಲ್ಲಿ 110 ಹಳ್ಳಿಗಳು ಪಾಲಿಕೆಗೆ ಸೇರಿದವು. ಅವುಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ತರೋ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಮಧ್ಯದ ಅಷ್ಟೂ ವರ್ಷ ಆಫೀಸು, ಪಿಜಿ, ಗಾರ್ಮೆಂಟ್ಸ್, ಶೆಡ್ಡು, ಅಪಾರ್ಟ್‌ಮೆಂಟ್ ನಡೆದದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ.

2024ರ ಬೇಸಿಗೆ ನೆನಪಿದೆಯಲ್ಲ? ಬೋರ್ ಬತ್ತಿ, ಟ್ಯಾಂಕರ್ ರೇಟ್ ಏರಿ, ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡ್ತು. 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಒಳ್ಳೆ ಕೆಲಸ. ಆ ದರಪಟ್ಟಿಯಲ್ಲಿ ಲೀಟರ್ ಇತ್ತು, ಕಿಲೋಮೀಟರ್ ಇತ್ತು. ನಾವೂ ಚರ್ಚೆ ಮಾಡಿದ್ದು ಅವೆರಡನ್ನೇ. 2025ರಲ್ಲಿ ಜಲಮಂಡಳಿ 'ಸಂಚಾರಿ ಕಾವೇರಿ' ಹೆಸರಲ್ಲಿ ತಾನೇ ಕಾವೇರಿ ನೀರಿನ ಟ್ಯಾಂಕರ್ ಕಳಿಸೋಕೆ ಶುರು ಮಾಡ್ತು. ಅದೂ ಒಳ್ಳೇದು. ಆದರೆ ಮೂಲದಲ್ಲಿ ಕಾವೇರಿ ಅಂದ್ರೆ ಪಾತ್ರೆಯ ಪ್ರಶ್ನೆ ಮುಗೀತು ಅಂತಲ್ಲ. ಪಖಾಲಿಯ ಕಾಲದಿಂದ ಇದೇ ಪಾಠ.

ಒಂದು ಲೆಕ್ಕ ಮಾಡೋಣ. ಹೊರಾಕ್ಸ್ ಪರೀಕ್ಷೆಯಲ್ಲಿ ಮೂರನೇ ಬಟ್ಟಲು ನೀಲಿಯಾಯ್ತು ಅಂದ್ಕೊಳ್ಳಿ. 6,000 ಲೀಟರ್ ಟ್ಯಾಂಕರ್‌ಗೆ ಸುಮಾರು 80 ಗ್ರಾಂ ಬ್ಲೀಚಿಂಗ್ ಪೌಡರ್. ಕೆಲವೇ ರೂಪಾಯಿ. ನೋಡಿ, ಇದನ್ನ ಕೇಳಿ ಅಂದಾಜಿನ ಮೇಲೆ ನೀವೇ ಸಂಪ್‌ಗೆ ಪೌಡರ್ ಸುರಿಯಬೇಡಿ. ತೆರೆದಿಟ್ಟ ಪೌಡರ್ ಶಕ್ತಿ ಕಳೆದುಕೊಳ್ಳತ್ತೆ, ನೀರಿನಿಂದ ನೀರಿಗೆ ಪ್ರಮಾಣ ಬದಲಾಗತ್ತೆ, ಅದಕ್ಕೇ ಪರೀಕ್ಷೆ ಇರೋದು. ನಾನು ಹೇಳ್ತಿರೋದು ದುಡ್ಡಿನ ಮಾತು. ಪೌಡರ್ ದುಬಾರಿ ಅಲ್ಲ.

ಹಾಗಾದ್ರೆ ದುಬಾರಿ ಏನು? ಆ 24 ಗಂಟೆ. ಟ್ಯಾಂಕ್ ತೊಳೆದು ಕ್ಲೋರಿನ್ ತುಂಬಿ ಒಂದು ದಿನ ನಿಲ್ಲಿಸಿದರೆ, ಬೇಸಿಗೆಯಲ್ಲಿ ಅಷ್ಟೂ ಟ್ರಿಪ್ ಹೋಯ್ತು. ಲಾರಿಯ ಇಎಂಐ ಮಾತ್ರ ನಿಲ್ಲಲ್ಲ. ಟ್ಯಾಂಕರ್ ಮಾಲೀಕ ಕೆಟ್ಟವನಾಗಿರಬೇಕಿಲ್ಲ. ಅವನ ಲೆಡ್ಜರ್‌ನಲ್ಲಿ ತೊಳೆಯೋದು ಬರೀ ಖರ್ಚು. ಆ ನೀರಿಂದ ಯಾರಿಗಾದ್ರೂ ಭೇದಿ ಬಂದರೆ ಆಸ್ಪತ್ರೆ ಬಿಲ್ಲು, ಹೋದ ದಿನಗೂಲಿ ಬೇರೆ ಯಾರದೋ ಲೆಡ್ಜರ್‌ನಲ್ಲಿ. ಸೈನ್ಯಕ್ಕೆ ಇವೆರಡೂ ಒಂದೇ ಪುಸ್ತಕದಲ್ಲಿತ್ತು, ಅದಕ್ಕೇ ಕಾರ್ಪೊರಲ್ ಇದ್ದ. ನಮ್ಮಲ್ಲಿ ಎರಡು ಪುಸ್ತಕ, ಅದಕ್ಕೇ ಕಾರ್ಪೊರಲ್ ಇಲ್ಲ.

ಆ 'ಬೇರೆ ಯಾರದೋ' ಅಂದ್ರೆ ಯಾರು? ಫ್ಲಾಟ್‌ನಲ್ಲಿ ಆರ್‌ಒ ಮೆಷಿನ್ ಇದೆ. ಟೆಕ್ ಪಾರ್ಕಿನ ಫುಡ್‌ಕೋರ್ಟ್‌ನಲ್ಲಿ 20 ಲೀಟರ್ ಕ್ಯಾನ್ ಇದೆ. ಟ್ಯಾಂಕರ್ ನೀರನ್ನ ನೇರವಾಗಿ ನಲ್ಲಿಯಿಂದ ಹಿಡಿದು ಕುಡಿಯೋರು ಗೇಟ್‌ನ ಸೆಕ್ಯೂರಿಟಿ ಅಣ್ಣ, ಹೌಸ್‌ಕೀಪಿಂಗ್ ಅಕ್ಕ, ಪೀಣ್ಯದ ಶೆಡ್ಡಲ್ಲಿ ಡ್ರಮ್ಮಿನಿಂದ ಚೊಂಬಲ್ಲಿ ಎತ್ತಿಕೊಳ್ಳೋ ಹುಡುಗರು, ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು. 1863ರ ಲೆಡ್ಜರ್‌ನಲ್ಲಿ ಪೇಟೆಯ ಜನ ಇರಲಿಲ್ಲ ಅಂತ ಹೇಳಿದ್ನಲ್ಲ? ಇವತ್ತಿನ ಲೆಡ್ಜರ್‌ನಲ್ಲಿ ಇವರಿಲ್ಲ.

ನಾವು ಏನು ಕೇಳಬಹುದು

ಇದಕ್ಕೆ ಪ್ರತಿಭಟನೆ ಬೇಡ, ಒಂದು ರಿಜಿಸ್ಟರ್ ಸಾಕು. ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಪಿಜಿ ಓನರ್, ಕಂಪನಿಯ ಅಡ್ಮಿನ್, ಯಾರು ಟ್ಯಾಂಕರ್‌ಗೆ ದುಡ್ಡು ಕೊಡ್ತಾರೋ ಅವರು ನಾಲ್ಕು ಪ್ರಶ್ನೆ ಕೇಳಿ ಉತ್ತರ ಬರೆದಿಡಲಿ.

ಒಂದು, ಈ ಟ್ಯಾಂಕ್ ಮೊದಲು ಏನು ಹೊತ್ತಿತ್ತು? ಎರಡು, ಒಳಗೆ ತೊಳೆದ ದಿನಾಂಕ ಯಾವುದು, ತೊಳೆದವರು ಯಾರು? ಮೂರು, ನೀರು ತುಂಬಿದ್ದು ಎಲ್ಲಿ, ಮುಚ್ಚಳ ಮುಚ್ಚಿತ್ತಾ, ಪೈಪಿನ ತುದಿ ನೆಲದ ಮೇಲೆ ಬಿದ್ದಿತ್ತಾ? ನಾಲ್ಕು, ಇಳಿಸುವಾಗ ಉಳಿಕೆ ಕ್ಲೋರಿನ್ ಎಷ್ಟು? ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಇದನ್ನ ನೋಡೋ ಸಣ್ಣ ಕಿಟ್ ಸಿಗತ್ತೆ, ಹನಿ ಹಾಕಿದರೆ ಬಣ್ಣ ತೋರಿಸತ್ತೆ. ಹೊರಾಕ್ಸ್ ಪೆಟ್ಟಿಗೆಯ ಮೊಮ್ಮಗ ಅನ್ನಿ. ಇದೇ ಪ್ರಶ್ನೆಗಳು ನಿಮ್ಮ ಸಂಪ್‌ಗೂ ಓವರ್‌ಹೆಡ್ ಟ್ಯಾಂಕ್‌ಗೂ ಅನ್ವಯ.

ಕ್ಲೋರಿನ್ ಎಲ್ಲದಕ್ಕೂ ಮದ್ದಲ್ಲ ಅನ್ನೋದೂ ಗೊತ್ತಿರಲಿ. ಅದು ಕ್ರಿಮಿ ಕೊಲ್ಲತ್ತೆ. ಬೋರ್ ನೀರಿನ ನೈಟ್ರೇಟ್, ಪೀಣ್ಯದ ಅಂತರ್ಜಲದಲ್ಲಿ ಪತ್ತೆಯಾಗಿರೋ ಕ್ರೋಮಿಯಂ, ಇವಕ್ಕೆ ಕ್ಲೋರಿನ್ ಏನೂ ಮಾಡಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆ, ಬೇರೆ ಮೂಲ ಬೇಕು. ಮೂಲ ಬಿಟ್ಟು ಪಾತ್ರೆ ನೋಡಿ ಅಂತಲ್ಲ, ಎರಡನ್ನೂ ನೋಡಿ.

ಸೈನ್ಯ ಕೊನೆಗೆ ಕಂಡುಕೊಂಡ ಉತ್ತರದಲ್ಲಿ ದೊಡ್ಡ ಯಂತ್ರ ಇರಲಿಲ್ಲ. ಏಳು ಬಟ್ಟಲು, ಒಂದು ಚಮಚ, ಮತ್ತು 'ಈ ಗಾಡಿಗೆ ನಾನು ಹೊಣೆ' ಅಂತ ಹೇಳಬೇಕಾದ ಒಬ್ಬ ಮನುಷ್ಯ. ಬಟ್ಟಲು, ಚಮಚ ಇವತ್ತು ಅಂಗಡಿಯಲ್ಲಿ ಸಿಗತ್ತೆ. ಆ ಮನುಷ್ಯನನ್ನು ಮಾತ್ರ ನಾವೇ ನೇಮಿಸಬೇಕು, ಅವನ ಕೂಲಿಯನ್ನೂ ನಾವೇ ಟ್ಯಾಂಕರ್ ಬಿಲ್ಲಿನಲ್ಲಿ ಸೇರಿಸಿ ಕೊಡಬೇಕು.

ಇವತ್ತಿಗೆ ಇಷ್ಟು. ನಿಮ್ಮ ಬಿಲ್ಡಿಂಗ್‌ನಲ್ಲಿ ಅಂಥ ರಿಜಿಸ್ಟರ್ ಈಗಾಗಲೇ ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ, ಹೇಗೆ ನಡೆಸ್ತಿದ್ದೀರ ಅಂತ ಮುಂದಿನ ಎಪಿಸೋಡ್‌ನಲ್ಲಿ ಎಲ್ಲರಿಗೂ ಕೇಳಿಸ್ತೀನಿ. ನಿಮ್ಮ ಗೇಟ್‌ನಲ್ಲಿರೋ ಅಣ್ಣನಿಗೂ ಈ ಎಪಿಸೋಡ್ ಕಳಿಸಿ. ಟ್ಯಾಂಕರ್ ಬಂದಾಗ ಮುಚ್ಚಳ ತೆಗೆದು ನೋಡೋಕೆ ಅವಕಾಶ ಇರೋದು ಅವರಿಗೇ.